ಒಂದು ಹಂದಿ, ಎರಡು ಬಾಣ

ಇಬ್ಬರು ಬೇಟೆಗಾರರು ಒಂದೇ ಹಂದಿಗೆ ಬಾಣ ಬಿಟ್ಟರು. ಹಂದಿ ಬಿದ್ದಿತು. ಇನ್ನು ಅದು ಯಾರದು? ಕಿರಾತಾರ್ಜುನರ ಈ ಜಗಳವನ್ನು ಅರಿಯದ ಕನ್ನಡಿಗರು ವಿರಳ. 941ರಲ್ಲಿ ಪಂಪನು ತನ್ನ ಭಾರತದಲ್ಲಿ ಇದನ್ನು ಹೇಳಿದನು. ಅದಕ್ಕೂ ಮೊದಲೇ ಪಟ್ಟದಕಲ್ಲಿನ ಶಿಲ್ಪಿಗಳು ಇದನ್ನು ಕಲ್ಲಿನಲ್ಲಿ ಕಡೆದಿದ್ದರು. ಸಂಸ್ಕೃತದಲ್ಲಿ ಇದನ್ನೇ ಮಹಾಕಾವ್ಯವಾಗಿಸಿದ ಭಾರವಿಯ ಹೆಸರು ಐಹೊಳೆಯ ಮೇಗುತಿ ಗುಡಿಯಲ್ಲಿರುವ 634ರ ಶಾಸನದಲ್ಲಿಯೇ ಬಂದಿದೆ.

ಭಾರವಿಯ ಕಾವ್ಯದಲ್ಲಿ ಶಿವನ ದೂತನು ಬಂದು ಅರ್ಜುನನಿಗೆ ನಯವಾಗಿಯೇ ಮಾತು ತೆಗೆಯುತ್ತಾನೆ. ನಮ್ಮ ಒಡೆಯನ ಬಾಣವನ್ನು ಕೊಟ್ಟುಬಿಡು, ಆತನ ಸ್ನೇಹ ಗಳಿಸು, ಬೇಕಾದರೆ ಕೇಳಿ ಪಡೆ ಎಂಬುದು ಅವನ ಮಾತಿನ ಸಾರ. ಅರ್ಜುನನು ಒಪ್ಪಲಿಲ್ಲ. ಕಾಡಿನ ಮೃಗ ಯಾರ ಸೊತ್ತೂ ಅಲ್ಲ, ಕೊಂದವನದೇ ಅದು ಎಂದು ವಾದಿಸಿದನು. ವಾದ ಯುದ್ಧಕ್ಕೆ ತಿರುಗಿದ ಸಂಗತಿ ಎಲ್ಲರಿಗೂ ಗೊತ್ತಿದೆ.

ಅರ್ಜುನನ ಈ ನ್ಯಾಯ ಇಂದ್ರಕೀಲ ಪರ್ವತದಲ್ಲಿ ಸಂದಿರಬಹುದು. ಸಿಂದಗಿ ತಾಲೂಕಿನ ಮೋರಟಗಿಯ ಸುತ್ತಮುತ್ತ ಅದು ನಡೆಯುವಂತಿಲ್ಲ. ಭೀಮೆಯ ದಕ್ಷಿಣಕ್ಕೆ ಹಬ್ಬಿದ ಈ ಎರೆಸೀಮೆಯಲ್ಲಿ ಕಾಡೆಂಬುದೇ ಅಪರೂಪ. ಕಣ್ಣು ಹಾಯುವವರೆಗೂ ಹೊಲ, ಹೊಲಕ್ಕೊಂದು ಬದು, ಬದುವಿಗೆ ಎರಡು ಕಡೆಯೂ ಒಬ್ಬೊಬ್ಬ ಒಡೆಯ. ಮೊಲ ಎದ್ದರೂ ಚಿಗರಿ ನೆಗೆದರೂ ಅದು ಯಾರದೋ ಹೊಲದಲ್ಲಿಯೇ. ಆದ್ದರಿಂದ ಇಲ್ಲಿ ಬೇಟೆಯ ಮೊದಲ ಪ್ರಶ್ನೆ ‘ಯಾರು ಹೊಡೆದರು’ ಎಂಬುದಾಗಿರಲಾರದು. ‘ಯಾರನ್ನು ಕೇಳಿ ಬಂದಿರಿ’ ಎಂಬುದೇ ಮೊದಲನೆಯದು.

ಬೇಟೆಯ ಕಾಲವನ್ನು ಗೊತ್ತುಮಾಡಿದುದೂ ಹೊಲವೇ ಎಂದು ತೋರುತ್ತದೆ. ಹಿಂಗಾರಿ ಜೋಳ ನಿಂತಿರುವಾಗ ಹತ್ತು ಮಂದಿ ನಾಯಿಗಳೊಡನೆ ಹೊಲ ತುಳಿದರೆ ಒಕ್ಕಲಿಗನಿಗೆ ಹಂದಿಯ ಕಾಟಕ್ಕಿಂತ ಗೆಳೆಯರ ಕಾಟವೇ ಹೆಚ್ಚಾದೀತು. ರಾಶಿ ಮುಗಿದು ಹೊಲ ಬರಿದಾದ ಮೇಲೆ ಯಾರೂ ಬೇಡವೆನ್ನುವುದಿಲ್ಲ. ರಾಯಚೂರು, ಕೊಪ್ಪಳಗಳ ಕಡೆ ಮೊಲದ ಬೇಟೆ ಯುಗಾದಿಯ ಸುಮಾರಿಗೆ ರೂಢಿಯಾಗಿ ಬಂದುದರಲ್ಲಿ ಹಬ್ಬದ ಸಂಭ್ರಮದಂತೆ ಬೇಸಾಯದ ಲೆಕ್ಕವೂ ಇದೆ.

ಬಯಲಿನ ಬೇಟೆಯಲ್ಲಿ ಕೈಯ ಆಯುಧಕ್ಕಿಂತ ನಾಯಿಯ ಕಾಲು ಮುಖ್ಯ. ಮುಧೋಳದ ಉದ್ದ ಮೋರೆಯ, ಸಣ್ಣ ನಡುವಿನ ನಾಯಿ ಹೆಸರಾದದ್ದು ಇಂಥ ಬಯಲುಸೀಮೆಯಲ್ಲಿಯೇ. ಆದರೆ ನಾಯಿಗೆ ಬದು ತಿಳಿಯದು. ಅದು ಮೊಲದ ಹಿಂದೆ ಮೂರು ಹೊಲ ದಾಟಿಬಿಡುತ್ತದೆ. ಆಗ ಮೂವರ ಮುಂದೆ ತಲೆ ತಗ್ಗಿಸಬೇಕಾದವನು ನಾಯಿಯಲ್ಲ, ಅದರ ಒಡೆಯ.

ನಾಯಿಯ ಮಾತು ಬಂದಾಗ ಆತಕೂರಿನ ಕಲ್ಲನ್ನು ನೆನೆಯದಿರುವುದು ಹೇಗೆ? ಮಂಡ್ಯ ಜಿಲ್ಲೆಯ ಈ ಶಾಸನ 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ಬನವಾಸಿ, ಬೆಳ್ವೊಲಗಳ ಜೊತೆಗೆ ಕಿಸುಕಾಡನ್ನೂ ಬಾಗೆನಾಡನ್ನೂ ಕೊಟ್ಟನೆಂದು ಅದು ಹೇಳುತ್ತದೆ. ಪಟ್ಟದಕಲ್ಲು, ಬಾಗಲಕೋಟೆಗಳ ಸೀಮೆಯೇ ಅದು; ನಮ್ಮ ನೆರೆಯದೇ. ಬೂತುಗನ ಕಡೆಯ ವೀರ ಮಣಲೆರನು. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಕೇಳೆಂದಾಗ ಮಣಲೆರನು ಊರನ್ನಾಗಲಿ ಹೊನ್ನನ್ನಾಗಲಿ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಬೂತುಗನು ಕೊಟ್ಟನು. ಬೇಟೆಗಾರನು ತನ್ನ ಮೆಚ್ಚಿನ ನಾಯಿಯನ್ನು ಕೊಡುವುದು ಎಷ್ಟು ದೊಡ್ಡ ಮಾತೆಂಬುದು ನಾಯಿ ಸಾಕಿದವರಿಗೆ ಗೊತ್ತು.

ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಕೂಡಿಯೇ ಸತ್ತವು. ಆತಕೂರಿನ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಂತಿತು, ಪೂಜೆಗಾಗಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವನು ಉಂಡರೆ ಅವನಿಗೆ ಪಾಪವೆಂದೂ ಬರೆಸಿದರು. ಯಾರ ಬಾಣ ತಾಗಿತು, ಯಾರು ಎಷ್ಟು ಮಾಂಸ ಒಯ್ದರು ಎಂಬ ಮಾತು ಅಲ್ಲಿಲ್ಲ. ದುಡಿದು ಸತ್ತದ್ದಕ್ಕೆ ಪಾಲು ಸಂದಿದೆ, ಅದೂ ಭೂಮಿಯ ರೂಪದಲ್ಲಿ.

ಮಲೆನಾಡು, ಕೊಡಗುಗಳ ಕಡೆ ಪಾಲಿನ ಲೆಕ್ಕ ಇನ್ನೂ ಬಿಗಿಯಾಗಿತ್ತು. ಸೋವುವವರು ಹಳುವಿಗೆ ನುಗ್ಗಿ ಮೃಗವನ್ನು ಎಬ್ಬಿಸುವರು. ಕೋವಿಯವರು ತಂತಮ್ಮ ಜಾಗದಲ್ಲಿ ನಿಲ್ಲುವರು. ನಿಂತ ಜಾಗ ಬಿಟ್ಟು ಕದಲಕೂಡದು. ಇದು ಬರಿಯ ಸಭ್ಯತೆಯಲ್ಲ. ಕದಲಿದವನಿಗೆ ಗೆಳೆಯನ ಗುಂಡೇ ತಾಗೀತು. ಮೊದಲು ಗುಂಡು ತಾಗಿಸಿದವನಿಗೆ ವಿಶೇಷ ಪಾಲಿತ್ತು, ನಾಯಿಯ ಲೆಕ್ಕದಲ್ಲಿ ಅದರ ಒಡೆಯನಿಗೂ ಪಾಲಿತ್ತು. ಬರಿಗೈಯಲ್ಲಿ ಕೂಗುತ್ತ ಮುಳ್ಳು ತುಳಿದವನೂ ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ. ಅರ್ಜುನನ ವಾದಕ್ಕೆ ಹಳ್ಳಿಯವರು ಕೊಟ್ಟ ಉತ್ತರವಿದು: ಕೊಂದವನೊಬ್ಬನೇ ಕೊಂದದ್ದಲ್ಲ.

ಈ ಏರ್ಪಾಡನ್ನು ಕೆಡಿಸಿದ್ದು ನನ್ನ ಮಟ್ಟಿಗೆ ಕೋವಿಯಲ್ಲ, ಕೋವಿಯ ಪರವಾನಗಿ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕ ಹಲವರು ನೇಣಿಗೇರಿದರು. ಫ್ಲೀಟ್ ಸಾಹೇಬರು ಕೂಡಿಸಿ ಅಚ್ಚುಹಾಕಿಸಿದ ಲಾವಣಿಗಳಲ್ಲಿ ಹಲಗಲಿಯದೂ ಒಂದು. 1878ರ ಆಯುಧ ಕಾಯಿದೆ ಈ ಕಟ್ಟುಪಾಡನ್ನು ದೇಶಕ್ಕೆಲ್ಲ ಭದ್ರಪಡಿಸಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಮಾತ್ರ 1861ರಿಂದ ವಿನಾಯಿತಿ ದೊರೆತು ಉಳಿದುಬಂದಿತು. ಉಳಿದೆಡೆ ಪರವಾನಗಿ ಇದ್ದವನೇ ಬೇಟೆಯ ಯಜಮಾನ. ಹೊಲದವನಿಗೆ ಕಳುಹಿಸುತ್ತಿದ್ದ ಪಾಲು ಪರವಾನಗಿ ಕೊಡಿಸಿದವರ ಮನೆಯ ಹಾದಿ ಹಿಡಿದರೆ ಆಶ್ಚರ್ಯವೇನು?

ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1951ರಲ್ಲಿ, ಕಾಡುಪ್ರಾಣಿ ಮತ್ತು ಹಕ್ಕಿಗಳ ರಕ್ಷಣೆಗೆ ಅಲ್ಲಿ ಕಾಯಿದೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಯಿತು. 1991ರ ತಿದ್ದುಪಡಿಯಿಂದ ಪರವಾನಗಿ ಪಡೆದು ಆಡುವ ಮೋಜಿನ ಬೇಟೆಯೂ ನಿಂತಿತು. ಹೊಲ ನಿಮ್ಮದೇ ಇರಲಿ, ಗೆಳೆಯನೇ ಕರೆದಿರಲಿ, ಮೊಲಕ್ಕೆ ನಾಯಿ ಬಿಡುವುದು ಅಪರಾಧ. ಕೇಳಬೇಕಾದವನು ಈಗ ಹೊಲದವನಲ್ಲ, ಕೇಳಿದರೂ ಯಾರೂ ಹೂಂ ಎನ್ನುವಂತಿಲ್ಲ. 2025ರ ಯುಗಾದಿಯ ಬೇಟೆಯ ಮೇಲೆ ರಾಯಚೂರು ಜಿಲ್ಲೆಯಲ್ಲಿ ಮೊಕದ್ದಮೆ ದಾಖಲಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಯ ಕಟ್ಟಿನಿಂದ ಹೊರತೆಗೆದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎರಡು ಬಗೆಯ ಮೃಗವನಗಳ ಮಾತಿದೆ. ಒಂದು ಅರಸನ ವಿಹಾರಕ್ಕೆ: ಒಂದೇ ಬಾಗಿಲು, ಸುತ್ತ ಅಗಳು. ಇನ್ನೊಂದು ನಾಡಿನ ಅಂಚಿನಲ್ಲಿ, ಎಲ್ಲ ಮೃಗಗಳೂ ಅತಿಥಿಗಳಾಗಿರುವ ವನ. ಅತಿಥಿಯೆಂಬ ಆ ಮಾತು ಬಲು ಹಿತವಾದದ್ದು. ರಾಣಿಬೆನ್ನೂರಿನ ಚಿಗರಿಧಾಮ 1974ರಲ್ಲಿ ಆದಾಗ ಚಿಗರಿಗಳಿಗೆ ಅಂಥದೊಂದು ಮನೆ ಸಿಕ್ಕಿತು. ಆದರೆ ಚಿಗರಿಗೂ ಬದು ತಿಳಿಯದು. ಅದು ಧಾಮದ ಎಲ್ಲೆ ದಾಟಿ ಎಳೆಯ ಪೈರಿಗೆ ಬಾಯಿ ಹಾಕುತ್ತದೆ. ಹೊಲದವನು ಬೆಳಗಾದ ಮೇಲೆ ಹೆಜ್ಜೆ ಎಣಿಸಿ, ಪರಿಹಾರದ ಅರ್ಜಿ ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ಹೊರಡುತ್ತಾನೆ.