ಅಕ್ಕನ ಸೊಂಟವೇ ಶಿಶುವಿಹಾರವಾಗಿದ್ದ ಕಾಲ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಕರೆ ಮಾಡಿದ್ದಳು. ಹೆರಿಗೆ ರಜೆ ಮುಗಿಯುತ್ತ ಬಂದಿದೆ. ಮಗುವನ್ನು ಹಗಲು ಹೊತ್ತು ಬಿಡಲು ಮೂರು ಕಡೆ ನೋಡಿ ಬಂದಿದ್ದಾಳೆ. ಒಂದರಲ್ಲಿ ಮೂಲೆಮೂಲೆಗೂ ಕ್ಯಾಮೆರಾ, ಇನ್ನೊಂದರಲ್ಲಿ ವಿಶಾಲವಾದ ಆಟದ ಅಂಗಳ; ಮೂರನೆಯದರಲ್ಲಿ ಇವೆರಡೂ ಇಲ್ಲ, ಆದರೆ ಕಚೇರಿಗೆ ಹತ್ತಿರ. “ಏನನ್ನು ನೋಡಿ ಆರಿಸಬೇಕು ಸರ್?” ಎಂಬುದು ಅವಳ ಪ್ರಶ್ನೆ.

ಮೂವತ್ತನಾಲ್ಕು ವರ್ಷ ಮಕ್ಕಳ ನಡುವೆ ಕಳೆದವನಿಗೆ ಇದರ ಉತ್ತರ ತಿಳಿದಿರಲೇಬೇಕೆಂದು ಅವಳು ನಂಬಿದ್ದಳು. ವಾಸ್ತವವಾಗಿ ನಾನು ಪಾಠ ಹೇಳಿದ್ದು ಒಂದನೆಯ ತರಗತಿಗೆ ಬಂದು ಕುಳಿತ ಮಕ್ಕಳಿಗೆ. ಅದಕ್ಕಿಂತ ಎಳೆಯ ಕೂಸುಗಳ ವಿಷಯದಲ್ಲಿ ನನಗಿರುವುದು ಒಂದೇ ಒಂದು ಅನುಭವ; ಅದೂ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಆದ್ದರಿಂದ ಎರಡು ದಿನ ಸಮಯ ಕೇಳಿ, ಪುಸ್ತಕಗಳನ್ನು ತೆಗೆದು ಕುಳಿತೆ. ಅವಳ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಸ್ಕಾಟ್ಲೆಂಡಿನ ನ್ಯೂ ಲನಾರ್ಕ್ ಎಂಬಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್, 1816ರಲ್ಲಿ ಕಾರ್ಮಿಕರ ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ತೆರೆದನು. ಅಲ್ಲಿಯ ಶಿಕ್ಷಕರಿಗೆ ಅವನು ಹಾಕಿದ ಮೊದಲ ಕಟ್ಟಳೆ, ಯಾವ ಮಗುವನ್ನೂ ಹೊಡೆಯಕೂಡದು, ಬೆದರಿಸಕೂಡದು ಎಂಬುದು. ಆ ಶಾಲೆಗೆ ಆರಿಸಿದ ಮೊದಲ ಉಪಾಧ್ಯಾಯ ಜೇಮ್ಸ್ ಬುಕಾನನ್ ವೃತ್ತಿಯಿಂದ ನೇಕಾರ, ದೊಡ್ಡ ವಿದ್ವಾಂಸನಲ್ಲ. ಮಕ್ಕಳ ಮೇಲಿನ ಪ್ರೀತಿ ಮತ್ತು ಅಪಾರ ತಾಳ್ಮೆಯನ್ನೇ ಓವೆನ್ ಅರ್ಹತೆಯೆಂದು ಎಣಿಸಿದ್ದ. ನಮ್ಮ ಕಾಲದ ನೇಮಕಾತಿ ಸಮಿತಿಗಳ ಮುಂದೆ ಬುಕಾನನ್ ನಿಂತಿದ್ದರೆ ಏನಾಗುತ್ತಿತ್ತೋ!

ಇನ್ನೂ ಎಳೆಯ ಕೂಸುಗಳ ಸರದಿ ಬಂದದ್ದು 1844ರಲ್ಲಿ, ಪ್ಯಾರಿಸ್ಸಿನಲ್ಲಿ. ಎರಡು ವರ್ಷ ಮೀರಿದ ಬಡಮಕ್ಕಳಿಗೆ ಆಸರೆ ಇದೆ, ಅದಕ್ಕಿಂತ ಚಿಕ್ಕವರಿಗೆ ಏನೂ ಇಲ್ಲವೆಂಬುದನ್ನು ಫಿರ್ಮಾ ಮಾರ್ಬೋ ಎಂಬ ಮಹನೀಯನು ಗಮನಿಸಿ, ಮೊದಲ ‘ಕ್ರೆಶ್’ ಅನ್ನು ಆರಂಭಿಸಿದನು. ಆ ಫ್ರೆಂಚ್ ಪದಕ್ಕೆ ದನದ ಗೋದಲಿ ಎಂದು ಅರ್ಥ. ಯೇಸುವಿನ ಶೈಶವದ ಕಥೆಯಲ್ಲಿ ಬರುವ ಗೋದಲಿಯದು. ಹಾಲೂಡಿಸುವ ತಾಯಂದಿರು ಕೆಲಸದ ನಡುವೆ ಬಂದು ಹೋಗುವುದು ಅಲ್ಲಿಯ ಕ್ರಮದ ಒಂದು ಭಾಗವಾಗಿತ್ತು.

ನಮ್ಮ ದೇಶದಲ್ಲಿ ಈ ಕಥೆ ಆರಂಭವಾಗುವುದು ಕತ್ತಲೆಯಿಂದ. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸಿಗೆ ಅಫೀಮಿನ ಸಣ್ಣ ಗುಳಿಗೆ ಕೊಟ್ಟು ಮಲಗಿಸಿ ಹೋಗುತ್ತಿದ್ದ ಸಂಗತಿ 1920ರ ದಶಕದ ವರದಿಗಳಲ್ಲಿ ದಾಖಲಾಗಿದೆ. ಅದಕ್ಕೆ ‘ಬಾಲಗೋಳಿ’ ಎಂಬ ಮುದ್ದಾದ ಹೆಸರು ಬೇರೆ. ಆ ತಾಯಂದಿರನ್ನು ದೂರಲು ನನಗೆ ಮನಸ್ಸು ಬಾರದು. ಯಂತ್ರದ ಮುಂದೆ ಹತ್ತು ಗಂಟೆ ನಿಲ್ಲಬೇಕಾದವಳ ಮುಂದೆ ಬೇರೆ ಯಾವ ದಾರಿಯಿತ್ತು? ಆದರೆ ಇದನ್ನು ಓದಿದಂದಿನಿಂದ, ಸದ್ದೇ ಇಲ್ಲದ ಮಕ್ಕಳ ಮನೆಯನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ, ಅನುಮಾನವಾಗುತ್ತದೆ.

1929ರಲ್ಲಿ ನೇಮಕಗೊಂಡ ವಿಟ್ಲಿ ಆಯೋಗವು ಹೆಂಗಸರು ಹೆಚ್ಚಾಗಿರುವ ಕಾರ್ಖಾನೆಗಳಲ್ಲಿ ಶಿಶುಗೃಹಗಳಿರಬೇಕೆಂದು 1931ರ ತನ್ನ ವರದಿಯಲ್ಲಿ ಶಿಫಾರಸು ಮಾಡಿತು. 1934ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆಯನ್ನು ಬಿಡಿಸುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ಕೊಟ್ಟಿತು. ಸ್ವಾತಂತ್ರ್ಯಾನಂತರ, 1948ರ ಕಾಯಿದೆಯಲ್ಲಿ ಅದು ಕಡ್ಡಾಯವಾಯಿತು. 1976ರಲ್ಲಿ ಐವತ್ತು ಎಂಬುದು ಮೂವತ್ತಕ್ಕೆ ಇಳಿಯಿತು. ಕಾಫಿ, ಚಹಾ ತೋಟಗಳಿಗೆ 1951ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು; ಅಲ್ಲಿ ಐವತ್ತು ಹೆಣ್ಣಾಳುಗಳ ಲೆಕ್ಕ. ಕೋಣೆಗೆ ಗಾಳಿ ಬೆಳಕು ಸಾಕಷ್ಟಿರಬೇಕು, ಶಿಶುಪಾಲನೆಯಲ್ಲಿ ತರಬೇತಾದ ಹೆಂಗಸು ಇರಬೇಕು, ತಾಯಿ ನಡುನಡುವೆ ಬಂದು ಹಾಲೂಡಿಸಲು ಅವಕಾಶವಿರಬೇಕು ಎಂದೆಲ್ಲ ಈ ಕಾಯಿದೆ ನಿಯಮಗಳಲ್ಲಿ ಬರೆಯಲಾಯಿತು.

ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಹಾಕಿದ್ದು ತಾಯಂದಿರ ತಲೆಯನ್ನು. ನಲವತ್ತೊಂಬತ್ತು ಹೆಂಗಸರಿರುವಲ್ಲಿ ಮಗು ಅಳುವುದೇ ಇಲ್ಲವೇ? ಶಿಶುಗೃಹವೆಂದರೆ ಹೆಣ್ಣಾಳಿನ ದೆಸೆಯಿಂದ ಬರುವ ಖರ್ಚು ಎಂಬ ಭಾವನೆಗೆ ಈ ಲೆಕ್ಕವೇ ದಾರಿಮಾಡಿತು. ಗಂಡಸು ಹೆಂಗಸು ಎನ್ನದೆ ಐವತ್ತು ಮಂದಿ ನೌಕರರಿದ್ದಲ್ಲಿ ಶಿಶುಗೃಹವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿಬರಬಹುದು ಎಂಬ ತಿದ್ದುಪಡಿ ಹೆರಿಗೆ ಸೌಲಭ್ಯ ಕಾಯಿದೆಗೆ ಬಂದದ್ದು 2017ರಲ್ಲಿ.

ಇನ್ನು ನನ್ನ ಅನುಭವ. 1970ರ ದಶಕದ ಕೊನೆಯಲ್ಲಿ ನಾನು ಕಾಫಿ ಸೀಮೆಯ ಒಂದು ಹಳ್ಳಿಶಾಲೆಯಲ್ಲಿದ್ದೆ. ಪಕ್ಕದಲ್ಲೊಂದು ಸಣ್ಣ ತೋಟ. ಕುಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಗಳ ಹೆಂಗಸರೆಲ್ಲ ಬೆಳಗಾಗುವ ಹೊತ್ತಿಗೆ ತೋಟದಲ್ಲಿರುತ್ತಿದ್ದರು. ಮೂರನೆಯ ತರಗತಿಯ ಹುಡುಗಿಯೊಬ್ಬಳು, ಒಂಬತ್ತು ವರ್ಷವಿರಬಹುದು, ಒಂದೂವರೆ ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬರುತ್ತಿದ್ದಳು. ಮಗ್ಗಿಯಲ್ಲಿ ಅವಳನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ. ಒಂದು ಕೈಯಲ್ಲಿ ಬಳಪ, ಇನ್ನೊಂದು ಕೈಯಲ್ಲಿ ತಮ್ಮ. ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುವ ವಾರ ಆ ಕೂಸು ಅತ್ತು ರಂಪ ಮಾಡಿತು. “ನಾಳೆಯಿಂದ ಇವನನ್ನು ಮನೆಯಲ್ಲಿ ಬಿಟ್ಟು ಬಾ” ಎಂದೆ. ಅವಳು ತಲೆಯಾಡಿಸಿದಳು. ಮರುದಿನ ಇಬ್ಬರೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಹಾಕುತ್ತ ಹೋದೆ, ಕೊನೆಗೆ ಹೆಸರನ್ನೇ ತೆಗೆದೆ. ಲೈನ್ ಮನೆಯವರೆಗೆ ಹೋಗಿ ವಿಚಾರಿಸಬೇಕೆಂದು ನನಗೆ ತೋರಲಿಲ್ಲ. ಶಾಲೆಯಿಂದ ಅರ್ಧ ಮೈಲಿ ದೂರವೂ ಇರಲಿಲ್ಲ ಅದು.

ಆ ತೋಟದಲ್ಲಿದ್ದ ಹೆಣ್ಣಾಳುಗಳು ಮೂವತ್ತೋ ಮೂವತ್ತೈದೋ. 1951ರ ಕಾಯಿದೆ ಕೇಳುವ ಸಂಖ್ಯೆಗೆ ಸಾಲದು. ಹೀಗೆ ಕಾಯಿದೆ ಕೊಡದ ಆಯಾಳ ಕೆಲಸ ಆ ಹುಡುಗಿಗೆ ಬಂದಿತ್ತು, ಸಂಬಳವಿಲ್ಲದೆ.

ಈ ಗಂಟನ್ನು ನನಗಿಂತ ಬಹಳ ಮೊದಲೇ ಬಿಡಿಸಿದ್ದವರು ಇದ್ದರು. ತಾರಾಬಾಯಿ ಮೋಡಕ್ 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಜೊತೆಗೂಡಿದವರು ಅನುತಾಯಿ ವಾಘ್. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ, ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಶಾಲೆಗೆ ಬರಬೇಕಾದ ಹುಡುಗಿಯರು ತಮ್ಮತಂಗಿಯರನ್ನು ಹೊತ್ತು ನಿಂತಿರುವುದನ್ನು ಕಂಡು, ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿ ‘ವಿಕಾಸವಾಡಿ’ ಎಂದು ನಡೆಸಿದರು. ಕೂಸು ಒಂದು ಕೋಣೆಯಲ್ಲಿ, ಅಕ್ಕ ಪಕ್ಕದ ಕೋಣೆಯಲ್ಲಿ. ಇಷ್ಟು ಸರಳವಾದ ಏರ್ಪಾಡು ನನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

1969ರಲ್ಲಿ ಗಾಂಧಿ ಜನ್ಮಶತಾಬ್ದಿಯ ಪ್ರದರ್ಶನಕ್ಕಾಗಿ ದೆಹಲಿಯ ರಾಜಘಾಟದ ಬಳಿ ಕಟ್ಟಡಗಳು ಏಳುತ್ತಿದ್ದಾಗ, ಮೀರಾ ಮಹಾದೇವನ್ ಅವರು ಕೂಲಿ ಹೆಂಗಸರ ಕೂಸುಗಳು ಮಣ್ಣು ಕಲ್ಲುಗಳ ನಡುವೆ ಬಿದ್ದಿರುವುದನ್ನು ಕಂಡು ಒಂದು ಡೇರೆಯಲ್ಲಿ ಶಿಶುಗೃಹ ತೆರೆದರು. ‘ಮೊಬೈಲ್ ಕ್ರೆಶಸ್’ ಸಂಸ್ಥೆಯ ಹುಟ್ಟು ಅದು. ಕಟ್ಟಡದ ಕೆಲಸ ಹೋದಲ್ಲಿಗೆ ಶಿಶುಗೃಹವೂ ಹೋಗುತ್ತಿತ್ತು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಂಗನವಾಡಿ ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೂರು ವರ್ಷದೊಳಗಿನ ಕೂಸಿಗೆ ಅದು ಕೊಟ್ಟದ್ದು ಪೌಷ್ಟಿಕ ಆಹಾರ, ಚುಚ್ಚುಮದ್ದಿನ ನೆರವು. ದಿನವಿಡೀ ಎತ್ತಿಕೊಳ್ಳುವ ಕೈಯನ್ನಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ತಮ್ಮತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರುವಂತಾಗಲು ಹಗಲು ಪಾಲನಾ ಕೇಂದ್ರಗಳು ಬೇಕೆಂಬ ಮಾತು ಬಂದಿತು. ನಾನು ಆ ಹೆಸರನ್ನು ತೆಗೆದು ಆಗಲೇ ಕೆಲವು ವರ್ಷಗಳಾಗಿದ್ದವು. ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ಕರ್ನಾಟಕದಲ್ಲಿ ಬಂದದ್ದು 2023ರಲ್ಲಿ.

ಎರಡು ದಿನಗಳ ನಂತರ ನನ್ನ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು. ಕ್ಯಾಮೆರಾ ಮಗುವನ್ನು ನೋಡುತ್ತದೆ, ಎತ್ತಿಕೊಳ್ಳುವುದಿಲ್ಲ. ಅದನ್ನು ಕೊನೆಗೆ ಲೆಕ್ಕಕ್ಕೆ ತೆಗೆದುಕೋ. ಹೇಳದೆ ಕೇಳದೆ ಮಧ್ಯಾಹ್ನ ಮೂರು ಗಂಟೆಗೆ ಹೋಗು. ಬಾಗಿಲಲ್ಲೇ ತಡೆದು ನಿಲ್ಲಿಸಿದರೆ ಅಲ್ಲಿಂದಲೇ ಹಿಂದಿರುಗು. ಒಂದು ಜೊತೆ ಕೈಗೆ ಎಷ್ಟು ಕೂಸುಗಳಿವೆ ಎಂದು ನೀನೇ ಎಣಿಸು. ಅಳುವ ಮಗುವಿನ ಬಳಿಗೆ ಯಾರು ಹೋಗುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬುದನ್ನು ನಿಂತು ನೋಡು. ಅಲ್ಲಿಯ ಒಡತಿಯೊಡನೆ ಮಾತಾಡಿದ್ದು ಸಾಕು, ಆಯಾಳೊಡನೆ ಮಾತಾಡು. ಅವಳು ಅಲ್ಲಿ ಎಷ್ಟು ವರ್ಷಗಳಿಂದ ಇದ್ದಾಳೆ, ಸಂಬಳ ಎಷ್ಟು ಎಂದು ಕೇಳು. ಅವಳು ವರ್ಷಕ್ಕೆ ಎರಡು ಬಾರಿ ಬದಲಾಗುವ ಕಡೆ ಮಗುವಿಗೆ ಯಾರ ಮುಖವೂ ಗುರುತಾಗುವುದಿಲ್ಲ.

ಮೊನ್ನೆ ಮತ್ತೆ ಅವಳ ಕರೆ ಬಂದಿತು. ಕಚೇರಿಯ ಹತ್ತಿರದ ಮೂರನೆಯದನ್ನೇ ಆರಿಸಿಕೊಂಡಿದ್ದಾಳೆ. ಅಲ್ಲಿಯ ಆಯಾ ಆರು ವರ್ಷಗಳಿಂದ ಇದ್ದಾಳಂತೆ. ಇವಳು ಹೋದಾಗ ಒಂದು ಕೂಸು ಅಳುತ್ತಿತ್ತಂತೆ, ಆದರೆ ಅವಳ ಹೆಗಲ ಮೇಲಿದ್ದು ಅಳುತ್ತಿತ್ತಂತೆ. ಆಕೆಗೂ ಊರಿನಲ್ಲಿ ಎರಡು ವರ್ಷದ ಮಗುವಿದೆಯೆಂದೂ, ಅದನ್ನು ಅದರ ಅಕ್ಕ ನೋಡಿಕೊಳ್ಳುತ್ತಾಳೆಂದೂ ಮಾತಿನ ನಡುವೆ ತಿಳಿಯಿತಂತೆ.

“ಆ ಅಕ್ಕನಿಗೆ ವಯಸ್ಸೆಷ್ಟಮ್ಮಾ?” ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. “ನಾಳೆ ಕೇಳಿ ಹೇಳುತ್ತೇನೆ ಸರ್” ಎಂದಳು.