ಗುರುಗಳಿಲ್ಲದ ಸಭೆಯ ಪಂಚಾಂಗ

ಗುರುಗಳಿಲ್ಲದೆ ಧರ್ಮಸಭೆ ಬದುಕೀತೇ ಎಂಬ ಪ್ರಶ್ನೆ ಗುರುಗಳಾದ ನಮಗೆ ಅಷ್ಟು ಹಿತವಾದುದಲ್ಲ. ಜಪಾನಿನ ಚರಿತ್ರೆ ಅದನ್ನು ಕೇಳಿಯೇ ಕೇಳುತ್ತದೆ. 1614ರಲ್ಲಿ ಅಲ್ಲಿನ ಪ್ರಭುತ್ವವು ಮಿಶನರಿಗಳನ್ನು ದೇಶದಿಂದ ಹೊರಹಾಕಿತು. ಅಡಗಿ ಉಳಿದ ಗುರುಗಳೂ ಮುಂದಿನ ಮೂರು ದಶಕಗಳಲ್ಲಿ ಒಬ್ಬೊಬ್ಬರಾಗಿ ಸೆರೆಸಿಕ್ಕರು. ಆಮೇಲೆ ಎರಡು ಶತಮಾನಗಳಿಗೂ ಮಿಕ್ಕಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ.

ನಾಗಸಾಕಿಯ ಆಸುಪಾಸಿನ ಹಳ್ಳಿಗಳಲ್ಲಿ ಗುಪ್ತ ಕ್ರೈಸ್ತರು ಮಾಡಿಕೊಂಡ ಏರ್ಪಾಡು ಸರಳವಾದುದು. ಒಬ್ಬ ಗೃಹಸ್ಥನು ಹಬ್ಬ, ಉಪವಾಸಗಳ ದಿನಗಳನ್ನು ಎಣಿಸಿ ತಿಳಿಸುವನು. ಇನ್ನೊಬ್ಬನು ಶಿಶುಗಳಿಗೆ ಜ್ಞಾನಸ್ನಾನ ಕೊಡುವನು. ಗುರು ದೊರಕದಾಗ ಪರಿಪೂರ್ಣ ಪಶ್ಚಾತ್ತಾಪವೇ ಗತಿಯೆಂದು ಮಿಶನರಿಗಳು ಬರೆದುಕೊಟ್ಟಿದ್ದ ಬೋಧೆಯು ಕೈಯಿಂದ ಕೈಗೆ ದಾಟಿತು. ಭರವಸೆಯೆಂಬ ದೈವಿಕ ಸದ್ಗುಣವು ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿದ ಹೊಣೆಯಾಗಿತ್ತು. ಹುತಾತ್ಮರ ಕುರಿತು ನಾವು ಗುರುಮಠಗಳಲ್ಲಿ ಧಾರಾಳವಾಗಿ ಬೋಧಿಸುತ್ತೇವೆ. ದಿನ ಎಣಿಸಿದವರನ್ನು ನೆನೆಯುವುದು ಅಪರೂಪ.

1865ರ ಮಾರ್ಚ್ 17ರಂದು ಉರಕಾಮಿಯ ಕೆಲವರು ನಾಗಸಾಕಿಯ ಹೊಸ ದೇವಾಲಯಕ್ಕೆ ಬಂದು, ಫ್ರೆಂಚ್ ಗುರು ಬರ್ನಾರ್ ಪೆತಿಜಾನ್ ಅವರಿಗೆ ತಮ್ಮ ವಿಶ್ವಾಸವನ್ನು ಗುಟ್ಟಾಗಿ ತಿಳಿಸಿದರು. ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ತಾವು ದುಃಖಕಾಲದ ಹದಿನೇಳನೆಯ ದಿನದಲ್ಲಿರುವುದಾಗಿಯೂ ಹೇಳಿದರು. ಆ ವರ್ಷ ವಿಭೂತಿ ಬುಧವಾರ ಬಿದ್ದುದು ಮಾರ್ಚ್ 1ರಂದು. ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ.

ಬೆಳಕಿಗೆ ಬಂದುದರಿಂದ ಅವರ ಕಷ್ಟ ತೀರಲಿಲ್ಲ. ಉರಕಾಮಿಯ ಸುಮಾರು 3,400 ವಿಶ್ವಾಸಿಗಳು ಗಡೀಪಾರಾದರು. 600ಕ್ಕೂ ಹೆಚ್ಚು ಮಂದಿ ಅಲ್ಲಿಯೇ ತೀರಿಕೊಂಡರು. 1873ರಲ್ಲಿ ನಿಷೇಧ ಸಡಿಲಗೊಂಡಾಗ ಉಳಿದವರು ಊರಿಗೆ ಮರಳಿದರು.