ನಾರ್ಫೋಕ್ ಕೌಂಟಿಯ ಜನನ ಮರಣಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಮಸಾಚುಸೆಟ್ಸಿನ ರಾಜಧಾನಿ ಬಾಸ್ಟನ್. ಆ ಮಹಾನಗರದ ದಕ್ಷಿಣಕ್ಕೆ ಅದರ ಉಪನಗರಗಳನ್ನೊಳಗೊಂಡು ಹಬ್ಬಿರುವ ವಿಭಾಗವೇ ನಾರ್ಫೋಕ್ ಕೌಂಟಿ. ಕೌಂಟಿಯೆಂಬುದು ನಮ್ಮ ಜಿಲ್ಲೆಯನ್ನು ಹೋಲುವುದು. ಆ ದೇಶದ ನಾಲ್ವರು ಅಧ್ಯಕ್ಷರು ಈ ಸಣ್ಣ ನೆಲದಲ್ಲಿ ಹುಟ್ಟಿದರು: ಜಾನ್ ಆಡಮ್ಸ್ (1735), ಅವನ ಮಗ ಜಾನ್ ಕ್ವಿನ್ಸಿ ಆಡಮ್ಸ್ (1767), ಜಾನ್ ಕೆನಡಿ (1917), ಹಿರಿಯ ಜಾರ್ಜ್ ಬುಷ್ (1924). ಆದರೆ ಹುಟ್ಟಿದ ಮಣ್ಣಿನಲ್ಲಿಯೇ ಕಣ್ಣುಮುಚ್ಚುವ ಯೋಗವು ಮೊದಲನೆಯವನಿಗೆ ಮಾತ್ರ ಒದಗಿತು.

ಕೆನಡಿಯೂ ಬುಷ್ಷನೂ ಬಾಲ್ಯದಲ್ಲಿಯೇ ಊರು ಬಿಟ್ಟವರು. ಒಬ್ಬನು 1963ರಲ್ಲಿ ಡಲ್ಲಾಸಿನಲ್ಲಿ ಹಂತಕನ ಗುಂಡಿಗೆ ಬಲಿಯಾದನು. ಇನ್ನೊಬ್ಬನು 2018ರಲ್ಲಿ ಹ್ಯೂಸ್ಟನ್ನಿನಲ್ಲಿ ತುಂಬು ವಯಸ್ಸಿನಲ್ಲಿ ತೀರಿಕೊಂಡನು. ಎರಡೂ ದೂರದ ಟೆಕ್ಸಾಸಿನ ಪಟ್ಟಣಗಳು.

ಆಡಮ್ಸರ ಸಂಗತಿಯೇ ಬೇರೆ. ಅವರಿಬ್ಬರೂ ಜನಿಸಿದಾಗ ನಾರ್ಫೋಕ್ ಎಂಬ ಕೌಂಟಿಯೇ ಇರಲಿಲ್ಲ. ಅದು ರಚಿತವಾದುದು 1793ರಲ್ಲಿ. ಹುಟ್ಟೂರಾದ ಬ್ರೈನ್‌ಟ್ರೀಯ ಆ ಭಾಗವೂ ಅದರ ಹಿಂದಿನ ವರ್ಷ ಕ್ವಿನ್ಸಿಯೆಂದು ಬೇರೆ ಊರಾಯಿತು. ಗಡಿಗಳು ಸರಿದರೂ ಮನೆಗಳು ಸರಿಯಲಿಲ್ಲ. ತಂದೆ ಹುಟ್ಟಿದ ಮನೆಯೂ ಮಗ ಹುಟ್ಟಿದ ಮನೆಯೂ ಇಂದಿಗೂ ಅಕ್ಕಪಕ್ಕದಲ್ಲಿ ನಿಂತಿವೆ.

ಈ ಮನೆತನದ ಬೆನ್ನೆಲುಬು ಅಬಿಗೇಲ್ ಆಡಮ್ಸ್. ಸಮೀಪದ ವೇಮತ್ ಗ್ರಾಮದಲ್ಲಿ 1744ರಲ್ಲಿ ಹುಟ್ಟಿದ ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪತಿಯು ರಾಷ್ಟ್ರಕಾರ್ಯಕ್ಕಾಗಿ ವರ್ಷಗಟ್ಟಲೆ ಪರಸ್ಥಳದಲ್ಲಿದ್ದಾಗ ಹೊಲಮನೆಗಳನ್ನೂ ಮಕ್ಕಳನ್ನೂ ತಾನೇ ನೋಡಿಕೊಂಡಳು. 1775ರ ಜೂನ್ 17ರಂದು ಏಳು ವರ್ಷದ ಮಗನನ್ನು ಗುಡ್ಡದ ಮೇಲಕ್ಕೆ ಕರೆದೊಯ್ದು ಬಂಕರ್ ಹಿಲ್ಲಿನ ಯುದ್ಧದ ಹೊಗೆಯನ್ನು ತೋರಿಸಿದಳು. ಮರುವರ್ಷ, ಹೊಸ ಕಾನೂನುಗಳಲ್ಲಿ ಸ್ತ್ರೀಯರನ್ನು ಮರೆಯಬಾರದೆಂದು ಪತಿಗೆ ಬರೆದಳು. ಪತಿಯು ಅದನ್ನು ನಗೆಯಲ್ಲಿ ತೇಲಿಸಿಬಿಟ್ಟನು. ಅಂತಹ ಧೀಮಂತನಿಗೆ ಇದು ಶೋಭಿಸುವ ಉತ್ತರವಲ್ಲ. 1818ರಲ್ಲಿ ಕ್ವಿನ್ಸಿಯಲ್ಲಿ ಆಕೆ ತೀರಿಕೊಂಡಳು. ಮಗನು ಅಧ್ಯಕ್ಷನಾದುದನ್ನು ಕಾಣುವ ಭಾಗ್ಯ ಆಕೆಗಿರಲಿಲ್ಲ.

1826ರ ಜುಲೈ 4, ಸ್ವಾತಂತ್ರ್ಯಘೋಷಣೆಗೆ ಐವತ್ತು ವರ್ಷ ತುಂಬಿದ ದಿನ. ಅಂದೇ ತೊಂಬತ್ತು ವರ್ಷದ ಜಾನ್ ಆಡಮ್ಸ್ ಕ್ವಿನ್ಸಿಯ ತನ್ನ ಮನೆಯಲ್ಲಿ ಪ್ರಾಣಬಿಟ್ಟನು. ಕೊನೆಯುಸಿರಿನಲ್ಲಿ ಜೆಫರ್ಸನ್ನನಾದರೂ ಬದುಕಿದ್ದಾನೆಂದು ನುಡಿದನೆಂಬ ಪ್ರತೀತಿಯಿದೆ. ಆದರೆ ಘೋಷಣೆಯ ಕರಡನ್ನು ಬರೆದ ಆ ಜೆಫರ್ಸನ್ ಅದೇ ದಿನ ಕೆಲವು ಗಂಟೆಗಳ ಮೊದಲೇ ವರ್ಜೀನಿಯಾದಲ್ಲಿ ಗತಿಸಿದ್ದನು. ತಂತಿಯಿಲ್ಲದ ಕಾಲ, ಆ ವಾರ್ತೆ ಇಲ್ಲಿಗೆ ಹೇಗೆ ಮುಟ್ಟಬೇಕು? ಆಗ ಅಧ್ಯಕ್ಷನಾಗಿದ್ದ ಮಗನೂ ತಂದೆಯ ಬಳಿಯಲ್ಲಿರಲಿಲ್ಲ.

ಆ ಮಗನು 1828ರ ಚುನಾವಣೆಯಲ್ಲಿ ಸೋತನು. ಅಧ್ಯಕ್ಷಪದವಿಯನ್ನೇರಿದವನು ಕೆಳಮನೆಯ ಸಾಮಾನ್ಯ ಸದಸ್ಯನಾಗುವುದನ್ನು ಹಲವರು ಅಗೌರವವೆಂದೆಣಿಸಬಹುದು. ಅವನು ಹಾಗೆಣಿಸಲಿಲ್ಲ. ಗುಲಾಮಗಿರಿಯ ವಿರುದ್ಧ ಬಂದ ಮನವಿಗಳನ್ನು ಚರ್ಚಿಸಲೇಬಾರದೆಂದು ಸಭೆಯು 1836ರಲ್ಲಿ ನಿಯಮ ಮಾಡಿತು. ಎಂಟು ವರ್ಷ ಹಟಬಿಡದೆ ಕಾದಾಡಿ 1844ರಲ್ಲಿ ಅದನ್ನು ರದ್ದುಗೊಳಿಸಿದನು. 1848ರ ಫೆಬ್ರವರಿ 21ರಂದು ಸಭೆಯಲ್ಲಿಯೇ ಕುಸಿದು, ಎರಡು ದಿನಗಳ ಮೇಲೆ ಅದೇ ಭವನದ ಸಭಾಪತಿಯ ಕೊಠಡಿಯಲ್ಲಿ ಅಸುನೀಗಿದನು.

ದೇಹವನ್ನು ಕ್ವಿನ್ಸಿಗೆ ತಂದರು. ಅಲ್ಲಿಯ ಶಿಲಾದೇವಾಲಯದ ನೆಲಮಾಳಿಗೆಯಲ್ಲಿ ತಂದೆ, ತಾಯಿ, ಮಗ, ಮತ್ತು ಲಂಡನ್ನಿನಲ್ಲಿ ಹುಟ್ಟಿ ಈ ಮನೆಗೆ ಸೊಸೆಯಾಗಿ ಬಂದ ಲೂಯಿಸಾ, ಈ ನಾಲ್ವರ ಸಮಾಧಿಗಳೂ ಒಂದೇ ಕಡೆ ಇವೆ.